ಕರಡು ತಿದ್ದುವವರ ಕಂಪ್ಯೂಟರಿನಲ್ಲಿ ಫೈಲ್ ಮ್ಯಾನೇಜರನ್ನು ಸರಳಗೊಳಿಸಿದ ಬಗೆ

ನಮ್ಮ ಚಿಕ್ಕ ಪ್ರಕಾಶನದ ಕಚೇರಿಯಲ್ಲಿ ಕರಡು ತಿದ್ದುವ ಕೆಲಸಕ್ಕೆಂದು ಇಟ್ಟಿರುವ ಹಳೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಇದೆ. ಅದರ ಮೇಲೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತು ಅದರ ಜೊತೆಗೇ ಬರುವ ಥುನಾರ್ ಎಂಬ ಫೈಲ್ ಮ್ಯಾನೇಜರ್, ಅಂದರೆ ಫೈಲುಗಳನ್ನೂ ಫೋಲ್ಡರುಗಳನ್ನೂ ನೋಡಲು, ನಕಲಿಸಲು, ಅಳಿಸಲು ಬಳಸುವ ತಂತ್ರಾಂಶ. ಈ ಕಂಪ್ಯೂಟರುಗಳ ಮುಂದೆ ಕೂರುವವರಲ್ಲಿ ಹೆಚ್ಚಿನವರು ನಿವೃತ್ತ ಅಧ್ಯಾಪಕರು. ಒಂದು ಒತ್ತಕ್ಷರ ತಪ್ಪಿದರೂ ಹಿಡಿಯಬಲ್ಲ ಇವರು, ತಿದ್ದಿದ ಫೈಲನ್ನು ಎಲ್ಲಿ ಉಳಿಸಿದೆವೆಂದು ಹುಡುಕುತ್ತ ಕೂರುವುದನ್ನು ನೋಡಿದಾಗ, ತೊಡಕಿರುವುದು ಅವರಲ್ಲಲ್ಲ, ಪರದೆಯಲ್ಲಿ ಎಂಬುದು ನನಗೆ ಸ್ಪಷ್ಟವಾಯಿತು. ಈ ಯಂತ್ರಗಳ ಉಸ್ತುವಾರಿ ನನ್ನದಾದುದರಿಂದ ಪರದೆಯನ್ನು ಸರಿಪಡಿಸುವ ಹೊಣೆಯೂ ನನ್ನದೇ ಆಗಿತ್ತು.

ಯಾವ ಗುಂಡಿಯನ್ನೂ ಮುಟ್ಟುವ ಮೊದಲು ಅವರ ಪಕ್ಕದಲ್ಲಿ ಕುಳಿತು, ಅವರು ದಿನವೂ ಮಾಡುವ ಕೆಲಸಗಳನ್ನು ಬರೆದುಕೊಂಡೆ. ಲೇಖಕರು ಪೆನ್ ಡ್ರೈವಿನಲ್ಲಿ ತಂದ ಹಸ್ತಪ್ರತಿಯನ್ನು ಒಳಗೆ ತರುವುದು, ಅದರ ಒಂದು ಪ್ರತಿಯನ್ನು ತಿದ್ದುವುದು, ಹಿಂದಿನ ಕರಡನ್ನೂ ಹೊಸ ಕರಡನ್ನೂ ಹೋಲಿಸುವುದು, ಮುಗಿದದ್ದನ್ನು ಡಿಟಿಪಿಯವರಿಗೆ ಒಪ್ಪಿಸುವುದು: ಇಷ್ಟೇ. ಇವುಗಳಲ್ಲಿ ಹೋಲಿಸುವ ಕೆಲಸ ವಿರಳ, ಆದರೆ ಅದಕ್ಕೆ ಬೇರೆ ದಾರಿಯಿಲ್ಲ. ಸರಳಗೊಳಿಸುವಾಗ ಎಷ್ಟು ಸಲ ಬಳಸುತ್ತಾರೆ ಎಂಬುದೊಂದನ್ನೇ ಅಳತೆಗೋಲಾಗಿಸಬಾರದು, ಅದಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂಬುದನ್ನೂ ಕೇಳಬೇಕು ಎಂಬ ನನ್ನ ನಿಲುವು ಮೂಡಿದ್ದು ಇಲ್ಲಿಂದ.

ಲಿನಕ್ಸಿನ ಇನ್ನೊಂದು ಡೆಸ್ಕ್‌ಟಾಪಾದ ಗ್ನೋಮ್‌ನ ಫೈಲ್ ಮ್ಯಾನೇಜರ್ ನಾಟಿಲಸ್‌ನ ಇತಿಹಾಸವೂ ಇದನ್ನೇ ಹೇಳುತ್ತದೆ. 2004ರ ಗ್ನೋಮ್ 2.6ರಲ್ಲಿ, ಪ್ರತಿ ಫೋಲ್ಡರಿಗೂ ಅದರದೇ ಕಿಟಕಿ ಇದ್ದರೆ ಜನರಿಗೆ ಸುಲಭವಾಗುತ್ತದೆಂದು ಭಾವಿಸಿ ಹಾಗೆಯೇ ಮಾಡಿದರು. ಆಳವಾದ ಫೋಲ್ಡರುಗಳಿಗೆ ಹೋಗುವಷ್ಟರಲ್ಲಿ ಪರದೆಯ ತುಂಬ ಕಿಟಕಿಗಳು ತುಂಬಿಕೊಳ್ಳುತ್ತಿದ್ದವು. 2010ರಲ್ಲಿ, 2.30ನೇ ಆವೃತ್ತಿಯ ಹೊತ್ತಿಗೆ, ಆ ಕ್ರಮವನ್ನು ಮೊದಲ ಆಯ್ಕೆಯ ಸ್ಥಾನದಿಂದ ಕೆಳಗಿಳಿಸಲಾಯಿತು. 2012ರ 3.6ನೇ ಆವೃತ್ತಿಯಲ್ಲಿ ಅದೇ ಸರಳತೆಯ ಹೆಸರಿನಲ್ಲಿ, ಒಂದೇ ಕಿಟಕಿಯನ್ನು ಇಬ್ಭಾಗ ಮಾಡಿ ಎರಡು ಫೋಲ್ಡರುಗಳನ್ನು ನೋಡುವ ಸೌಲಭ್ಯವನ್ನು ತೆಗೆದುಹಾಕಿದರು. ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟನ್ನು ರೂಪಿಸುವವರು ಹಳೆಯ ನಾಟಿಲಸ್‌ನಿಂದ ಕವಲೊಡೆಸಿ ನೀಮೋ ಎಂಬ ಬೇರೆಯ ಫೈಲ್ ಮ್ಯಾನೇಜರನ್ನು ಕಟ್ಟಿದ್ದಕ್ಕೆ ಇಂಥ ಕಡಿತಗಳೇ ಕಾರಣ. ನಮ್ಮಲ್ಲಿ ಕರಡುಗಳನ್ನು ಅಕ್ಕಪಕ್ಕ ಇಟ್ಟು ನೋಡುವವರಿಗೆ ಬೇಕಾದದ್ದು ಸರಿಯಾಗಿ ಆ ಇಬ್ಭಾಗವೇ. 2022ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.18ರ ಥುನಾರ್‌ನಲ್ಲಿ ಎಫ್3 ಒತ್ತಿದರೆ ಅದು ಸಿಗುತ್ತದೆ. ಟೂಲ್‌ಬಾರಿನಲ್ಲಿ ಬೇಕಾದ ಗುಂಡಿಗಳನ್ನಷ್ಟೇ ಇಟ್ಟುಕೊಳ್ಳುವ ಅನುಕೂಲವೂ, ಮಾಡಿದ್ದನ್ನು ರದ್ದುಮಾಡುವ ಅನುಕೂಲವೂ ಅದೇ ಆವೃತ್ತಿಯಲ್ಲಿ ಬಂದವು. ಆದ್ದರಿಂದ ಎಲ್ಲ ಯಂತ್ರಗಳನ್ನೂ ಮೊದಲು ಆ ಆವೃತ್ತಿಗೆ ತಂದೆ.

ಟೂಲ್‌ಬಾರಿನ ಕೆಲಸ ಬೇಗ ಮುಗಿಯಿತು. ಹಿಂದಕ್ಕೆ, ರದ್ದುಮಾಡು, ಇಬ್ಭಾಗ, ಹುಡುಕು ಮತ್ತು ಫೋಲ್ಡರಿನ ದಾರಿ ತೋರಿಸುವ ಪಟ್ಟಿ ಇವಿಷ್ಟನ್ನು ಇಟ್ಟು ಉಳಿದವನ್ನು ತೆಗೆದೆ. ಮೆನು ಪಟ್ಟಿಯನ್ನು ಕಂಟ್ರೋಲ್ ಮತ್ತು ಎಂ ಒತ್ತಿ ಮರೆಮಾಡಬಹುದಾದರೂ ಹಾಗೆ ಮಾಡಲಿಲ್ಲ. ಕಾಣದ ಮೆನುವನ್ನು ಮರಳಿ ತರುವ ದಾರಿ ಕಣ್ಣಿಗೆ ಬೀಳದಿದ್ದರೆ ಅದು ಬಳಸುವವರ ಪಾಲಿಗೆ ಕಳೆದುಹೋದಂತೆಯೇ ಸರಿ.

ಎಡಬದಿಯ ಪಟ್ಟಿಯ ಬಗ್ಗೆ ಹೆಚ್ಚು ಯೋಚಿಸಬೇಕಾಯಿತು. ಅಲ್ಲಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಯಾವ ಸಾಲು ಕಾಣಬೇಕು, ಯಾವುದು ಬೇಡ ಎಂದು ಗುರುತು ಹಾಕಬಹುದು. ನೆಟ್‌ವರ್ಕ್, ಇಡೀ ಫೈಲ್ ಸಿಸ್ಟಮ್, ಇತ್ತೀಚಿನವು ಎಂಬ ಸಾಲುಗಳನ್ನು ತೆಗೆದೆ; ಕಸದ ಬುಟ್ಟಿಯನ್ನೂ ಪೆನ್ ಡ್ರೈವುಗಳನ್ನೂ ಉಳಿಸಿದೆ. ನಂತರ ‘ಬಂದದ್ದು’, ‘ತಿದ್ದುತ್ತಿರುವುದು’, ‘ಮುಗಿದದ್ದು’ ಎಂಬ ಮೂರು ಫೋಲ್ಡರುಗಳನ್ನು ಸೇರಿಸಿದೆ. ಇಲ್ಲಿ ಕಾಣುವ ಹೆಸರು ಬೇರೆ, ಫೋಲ್ಡರಿನ ನಿಜವಾದ ಹೆಸರು ಬೇರೆ ಇರಬಹುದು. ಹಾಗಾಗಿ ಡಿಸ್ಕಿನಲ್ಲಿ ಚಿಕ್ಕ ಇಂಗ್ಲಿಷ್ ಹೆಸರನ್ನೇ ಉಳಿಸಿ, ಪಟ್ಟಿಯಲ್ಲಿ ಮಾತ್ರ ಕನ್ನಡದ ಹೆಸರು ಕೊಟ್ಟೆ. ಕೆಲಸ ಸಾಗುವ ಕ್ರಮವೇ ಪಟ್ಟಿಯ ಕ್ರಮವೂ ಆದುದರಿಂದ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಳಿಸಿಹೋಗುವ ಭಯವೇ ಹಿರಿಯರನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿತ್ತು. ಶಾಶ್ವತವಾಗಿ ಅಳಿಸುವ ಸಾಲು ಬಲಗುಂಡಿಯ ಮೆನುವಿನಲ್ಲಿ ಬಾರದಂತೆ ಆಯ್ಕೆಗಳಲ್ಲಿ ನಿಲ್ಲಿಸಿದೆ, ಆದರೆ ಅದು ಸಾಲದು, ಏಕೆಂದರೆ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಫೈಲ್ ಕಸದ ಬುಟ್ಟಿಗೂ ಹೋಗದೆ ಅಳಿಯುತ್ತದೆ. ಇದಕ್ಕೆ ಪರಿಹಾರ ಫೈಲ್ ಮ್ಯಾನೇಜರಿನ ಹೊರಗಿದೆ. ಲಿನಕ್ಸಿನಲ್ಲಿ ಒಂದು ಫೈಲನ್ನು ಅಳಿಸಬಹುದೇ ಎಂಬುದನ್ನು ತೀರ್ಮಾನಿಸುವುದು ಆ ಫೈಲಿನ ಅನುಮತಿಯಲ್ಲ, ಅದಿರುವ ಫೋಲ್ಡರಿನ ಅನುಮತಿ. ಆದ್ದರಿಂದ ಪ್ರತಿ ಹಸ್ತಪ್ರತಿಯನ್ನೂ ನಾನೇ ‘ಬಂದದ್ದು’ ಫೋಲ್ಡರಿಗೆ ಹಾಕಿ, ಉಳಿದವರಿಗೆ ಅಲ್ಲಿ ಓದುವ ಅನುಮತಿಯನ್ನಷ್ಟೇ ಕೊಟ್ಟೆ. ಮೂಲ ಸುರಕ್ಷಿತವಾಗಿದೆ ಎಂಬ ಭರವಸೆ ಹುಟ್ಟಿದ ಮೇಲೆ ಅವರು ಮೌಸನ್ನು ಹಿಡಿಯುವ ರೀತಿಯೇ ಬದಲಾಯಿತು.

ಮೂಲದಿಂದ ಪ್ರತಿ ಮಾಡುವ ಕೆಲಸಕ್ಕೆ ಥುನಾರ್‌ನ ‘ಕಸ್ಟಮ್ ಆಕ್ಷನ್’ ನೆರವಾಯಿತು. ಬಲಗುಂಡಿಯ ಮೆನುವಿಗೆ ನಮಗೆ ಬೇಕಾದ ಸಾಲೊಂದನ್ನು ಸೇರಿಸಿ, ಅದು ಯಾವ ಬಗೆಯ ಫೈಲಿನ ಮೇಲೆ ಮಾತ್ರ ಕಾಣಬೇಕೆಂದು ಹೇಳಬಹುದು. ‘ತಿದ್ದಲು ಪ್ರತಿ ಮಾಡು’ ಎಂಬ ಸಾಲನ್ನು ಓಡಿಟಿ ಮತ್ತು ಡಾಕ್‌ಎಕ್ಸ್ ಎಂಬ ಬರಹದ ಫೈಲುಗಳಿಗಷ್ಟೇ ಕಾಣುವಂತೆ ಮಾಡಿ, ಹೆಸರಿನ ಕೊನೆಗೆ ಆ ದಿನದ ದಿನಾಂಕ ಸೇರಿಸಿ ‘ತಿದ್ದುತ್ತಿರುವುದು’ ಫೋಲ್ಡರಿಗೆ ಪ್ರತಿಯನ್ನು ಹಾಕುವ ಪುಟ್ಟ ಸ್ಕ್ರಿಪ್ಟನ್ನು (ಆದೇಶಗಳ ಪಟ್ಟಿಯನ್ನು) ಅದಕ್ಕೆ ಜೋಡಿಸಿದೆ. ಇದನ್ನು ಮಾಡುವವರು ಒಂದನ್ನು ಗಮನಿಸಬೇಕು: ಇಂಥ ದಾಖಲೆಗಳು ‘ಇತರ ಫೈಲುಗಳು’ ಎಂಬ ವರ್ಗಕ್ಕೆ ಸೇರುತ್ತವೆ, ಅಲ್ಲಿ ಗುರುತು ಹಾಕದಿದ್ದರೆ ಸಾಲು ಕಾಣುವುದೇ ಇಲ್ಲ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ತೆರೆಯುವ ಸಾಲನ್ನು ಇದೇ ಜಾಗದಿಂದ ತೆಗೆದೆ.

ಕನ್ನಡದ ಫೈಲ್ ಹೆಸರುಗಳದು ಬೇರೆಯದೇ ತೊಡಕು, ಇದನ್ನು ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕು. ಲಿನಕ್ಸಿನ ಎಕ್ಸ್ಟ್4 ಎಂಬ ಡಿಸ್ಕ್ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. ‘ಕ್ಷ’ ಎಂಬ ಒಂದೇ ಅಕ್ಷರ ಕ, ಹಲಂತದ ಗುರುತು, ಷ ಎಂಬ ಮೂರು ಸಂಕೇತಗಳಿಂದಾಗಿ 9 ಬೈಟು ತಿನ್ನುತ್ತದೆ. ಎಂದರೆ ಸುಮಾರು 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ವಿಂಡೋಸ್‌ನ ಡಿಸ್ಕ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಮಿತಿಯೂ 255 ಆಗಿದ್ದರೂ ಅದು ಬೈಟುಗಳನ್ನಲ್ಲ, ಯುಟಿಎಫ್-16 ಎಂಬ ಇನ್ನೊಂದು ಕ್ರಮದ ಘಟಕಗಳನ್ನು (ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ) ಎಣಿಸುವುದರಿಂದ ಅಲ್ಲಿ ಕನ್ನಡಕ್ಕೆ ಸಾಕಷ್ಟು ಜಾಗವಿದೆ. ಪುಸ್ತಕದ ಹೆಸರು, ಉಪಶೀರ್ಷಿಕೆ, ಲೇಖಕರ ಹೆಸರು, ಕರಡಿನ ಸಂಖ್ಯೆ ಎಲ್ಲವನ್ನೂ ಫೈಲ್ ಹೆಸರಲ್ಲೇ ಬರೆದು ತಂದ ಪೆನ್ ಡ್ರೈವಿನಿಂದ ಪ್ರತಿ ಮಾಡಹೊರಟರೆ ಹೆಸರು ಉದ್ದವಾಯಿತೆಂಬ ಸಂದೇಶ ಬರುವುದು ಇದೇ ಕಾರಣಕ್ಕೆ. ಈಗ ಒಳಗೆ ತರುವಾಗಲೇ ಅಧ್ಯಾಯದ ಸಂಖ್ಯೆ ಮೊದಲು, ಒಂದೆರಡು ಪದಗಳ ಗುರುತು ನಂತರ ಎಂಬ ಕ್ರಮದಲ್ಲಿ ಹೆಸರು ಬದಲಿಸುತ್ತೇನೆ. ಸ್ಕ್ರಿಪ್ಟ್ ಸೇರಿಸುವ ದಿನಾಂಕಕ್ಕೂ ಜಾಗ ಉಳಿಯುತ್ತದೆ.

ಒಂದೇ ಕ್ಲಿಕ್ಕಿಗೆ ಫೈಲ್ ತೆರೆಯುವಂತೆ ಮಾಡಿ ಎಂದು ಕೆಲವರು ಕೇಳಿದರು. ಹಾಗೆ ಮಾಡಿದರೆ ಫೈಲನ್ನು ಆರಿಸುವುದು ಕಷ್ಟವಾಗುತ್ತದೆ. ಆರಿಸದೆ ಪ್ರತಿ ಮಾಡುವುದು ಹೇಗೆ? ಅದರ ಬದಲು ಮೌಸಿನ ಸೆಟ್ಟಿಂಗಿನಲ್ಲಿ ಎರಡು ಕ್ಲಿಕ್ಕುಗಳ ನಡುವಿನ ಅವಧಿಯನ್ನು ಹೆಚ್ಚಿಸಿದೆ, ನಡುಗುವ ಬೆರಳಿಗೂ ಅದು ಒಗ್ಗಿತು. ವಿವರಪಟ್ಟಿಯಲ್ಲಿ ಹೆಸರು ಮತ್ತು ಬದಲಾದ ದಿನಾಂಕದ ಕಂಬಗಳನ್ನು ಮಾತ್ರ ಉಳಿಸಿದೆ.

ಒಂದು ಯಂತ್ರದಲ್ಲಿ ಎಲ್ಲವೂ ಹೊಂದಿಕೊಂಡ ಮೇಲೆ ಅದರ ಸೆಟ್ಟಿಂಗುಗಳ ಫೈಲುಗಳನ್ನು ಉಳಿದವಕ್ಕೆ ನಕಲು ಮಾಡಿದೆ. ಎಕ್ಸ್‌ಎಫ್‌ಸಿಇಯಲ್ಲಿ ಇವನ್ನು ಯಾರೂ ಬದಲಿಸದಂತೆ ಬೀಗ ಹಾಕುವ ವ್ಯವಸ್ಥೆಯೂ ಇದೆ. ನಾನು ಅದನ್ನು ಬಳಸಲಿಲ್ಲ. ಅಕ್ಷರ ದೊಡ್ಡದಾಗಬೇಕೆನ್ನುವವರು ದೊಡ್ಡದು ಮಾಡಿಕೊಳ್ಳಲಿ, ದಿನಾಂಕದ ಬದಲು ಹೆಸರಿನ ಕ್ರಮ ಬೇಕೆನ್ನುವವರು ಹಾಗೆ ಜೋಡಿಸಿಕೊಳ್ಳಲಿ; ಮೂಲ ಪ್ರತಿಗಳಿಗೆ ಫೋಲ್ಡರಿನ ಅನುಮತಿಯೇ ಕಾವಲಿರುವಾಗ ಉಳಿದದ್ದರಲ್ಲಿ ಅವರ ಕೈ ಕಟ್ಟುವ ಅಗತ್ಯ ನನಗೆ ಕಾಣಲಿಲ್ಲ.