ಬಿಳಿ ಇಲಿಗಳು ಮತ್ತು ಗಂಟೆಗೊಂದು ಅಲಾರಂ

ಹಾವಿನ ವಿಷದ ಲ್ಯಾಬ್‌ಗೆ ಸೇರಿದ ಹೊಸತರಲ್ಲಿ ನನ್ನ ಕೆಲಸ ಸತ್ತ ಇಲಿಗಳನ್ನು ಎಣಿಸುವುದು. ಸಂಜೆ ಇಂಜೆಕ್ಷನ್ ಕೊಟ್ಟು ಮನೆಗೆ ಹೋಗುತ್ತಿದ್ದೆವು. 24 ಗಂಟೆ ಆದ ಮೇಲೆ ಎಷ್ಟು ಉಳಿದಿವೆ, ಎಷ್ಟು ಹೋಗಿವೆ ಎಂದು ಬರೆದುಕೊಂಡರೆ ಮುಗಿಯಿತು. ರಾತ್ರಿ ಅವು ಏನು ಪಾಡು ಪಟ್ಟವು ಅನ್ನೋದಕ್ಕೆ ನೋಟ್‌ಬುಕ್‌ನಲ್ಲಿ ಜಾಗವೇ ಇರಲಿಲ್ಲ.

ಪರೀಕ್ಷೆ ಹೀಗೆ. ಅರ್ಧ ಇಲಿಗಳನ್ನು ಕೊಲ್ಲುವ ಪ್ರಮಾಣದ ಐದು ಪಟ್ಟು ವಿಷಕ್ಕೆ ಬೇರೆ ಬೇರೆ ಅಳತೆಯ ಆ್ಯಂಟಿವೆನಮ್ (ಹಾವಿನ ವಿಷ ತಡೆಯುವ ಔಷಧಿ) ಬೆರೆಸಿ, 37 ಡಿಗ್ರಿಯಲ್ಲಿ 30 ನಿಮಿಷ ಇಟ್ಟು, ಬಾಲದ ರಕ್ತನಾಳಕ್ಕೆ ಕೊಡಬೇಕು. ಯಾವ ಅಳತೆಯಲ್ಲಿ ಅರ್ಧ ಇಲಿಗಳು ಉಳಿಯುತ್ತವೋ ಅದೇ ಔಷಧಿಯ ಶಕ್ತಿಯ ಲೆಕ್ಕ. ಐದು ಅಳತೆ, ಒಂದೊಂದಕ್ಕೆ ಐದು ಇಲಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಸೇರಿದರೆ 100 ಇಲಿ. ಅದೂ ಒಂದೇ ಒಂದು ಬ್ಯಾಚ್ ಔಷಧಿಗೆ!

ಬಿಟ್ಟುಬಿಡೋಣ ಅಂದರೆ ಆಗುವುದಿಲ್ಲ. 1 ಮಿ.ಲೀ. ಔಷಧಿ 0.6 ಮಿ.ಗ್ರಾಂ. ನಾಗರಹಾವಿನ ವಿಷವನ್ನು ತಡೆಯಬೇಕು ಎಂಬುದು ನಮ್ಮ ದೇಶದ ನಿಯಮ. ಕಟ್ಟುಹಾವಿಗೆ 0.45. ಸುಮ್ನೆ ಸೀಸೆ ನೋಡಿ ಇದನ್ನು ಹೇಳಲು ಬರುವುದಿಲ್ಲ ಅಲ್ವಾ?

ನಾನು ಮೊದಲು ಬದಲಿಸಿದ್ದು ನೋವಿನ ಔಷಧಿಯ ವಿಷಯ. ವಿಷ ಕೊಡುವ ಮುಂಚೆ ಮಾರ್ಫಿನ್ ಕೊಡಬೇಕು ಎಂದೆ. ಲ್ಯಾಬ್‌ನಲ್ಲಿ ತಕರಾರು ಬಂತು. ತಕರಾರಿನಲ್ಲಿ ಅರ್ಥವೂ ಇತ್ತು. ಮಾರ್ಫಿನ್ ಉಸಿರಾಟವನ್ನು ನಿಧಾನ ಮಾಡುತ್ತದೆ, ಕಟ್ಟುಹಾವಿನ ವಿಷ ಕೊಲ್ಲುವುದೂ ಉಸಿರು ಕಟ್ಟಿಸಿಯೇ. ಇಲಿ ಸತ್ತರೆ ಯಾವುದರಿಂದ ಎಂದು ಹೇಳುವುದು? ಅದಕ್ಕೇ ಮಾರ್ಫಿನ್ ಮಾತ್ರ ಕೊಟ್ಟ ಒಂದು ಗುಂಪನ್ನು ಪಕ್ಕದಲ್ಲಿ ಇಟ್ಟೆವು. ಅವು ಸ್ವಲ್ಪ ಮಂಕಾದವು, ಅಷ್ಟೆ. ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಒಪ್ಪಿತು.

ಆಮೇಲಿನದು ಕಷ್ಟದ್ದು. ಸಾಯುವವರೆಗೆ ಕಾಯುವುದನ್ನು ನಿಲ್ಲಿಸಬೇಕಿತ್ತು. ಬೆನ್ನ ಮೇಲೆ ಮಲಗಿಸಿದರೆ ಮಗುಚಿಕೊಳ್ಳಲು ಆಗದ, ಮುಟ್ಟಿದರೂ ಅಲುಗದ ಇಲಿಯನ್ನು ಆಗಲೇ ಅರಿವಳಿಕೆ ಕೊಟ್ಟು ಮುಗಿಸುವುದು, ಲೆಕ್ಕದಲ್ಲಿ ‘ಸತ್ತಿದೆ’ ಎಂದೇ ಬರೆಯುವುದು. ಚೇತರಿಸಿಕೊಳ್ಳುತ್ತಿದ್ದ ಇಲಿಯನ್ನು ಕೊಂದುಬಿಟ್ಟರೆ? ಈ ಭಯಕ್ಕೆ ಮೊದಲು ಕೆಲವು ದಿನ ಬರೀ ನೋಡಿ ಬರೆದೆ. ಆ ಸ್ಥಿತಿಗೆ ಹೋದ ಒಂದು ಇಲಿಯೂ ವಾಪಸ್ ಬರಲಿಲ್ಲ.

ಇನ್ನೊಂದು ಉಪಾಯ ಜಾಸ್ತಿ ಇಲಿ ಉಳಿಸಿತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಅದನ್ನು ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗದಲ್ಲಿ), ಟ್ಯೂಬ್‌ನಲ್ಲೇ ನೋಡಬಹುದು. ಅಲ್ಲಿ ಸೋತ ಔಷಧಿ ಇಲಿಯವರೆಗೆ ಬರುವುದೇ ಇಲ್ಲ. ಗೆದ್ದದ್ದಕ್ಕೂ ಯಾವ ಅಳತೆಯಿಂದ ಶುರು ಮಾಡಬೇಕು ಎಂಬ ಅಂದಾಜು ಸಿಗುತ್ತದೆ.

ಸಣ್ಣಪುಟ್ಟದ್ದೂ ಇವೆ. ಬಾಲ ಹಿಡಿದು ಎತ್ತುವುದನ್ನು ಬಿಟ್ಟೆವು. ಕೊಳವೆ ಇಟ್ಟರೆ ಇಲಿ ತಾನೇ ಒಳಗೆ ಹೋಗುತ್ತದೆ.

ಮಂಡಲದ ಹಾವುಗಳಿಗೆ ನಮ್ಮ ಲ್ಯಾಬ್‌ನ ಹೋಲಿಕೆ ಪರೀಕ್ಷೆಗಳಲ್ಲಿ ಈಗ ಸಮಯವನ್ನೂ ಕಡಿಮೆ ಮಾಡಿದ್ದೇವೆ. ಬೆಳಗ್ಗೆ ಶುರು ಮಾಡಿದರೆ ಸಂಜೆಗೆ ಫಲಿತಾಂಶ. ಕಟ್ಟುಹಾವಿಗೆ ಮಾತ್ರ ನನಗೆ ಧೈರ್ಯ ಬಂದಿಲ್ಲ. ಮಧ್ಯಾಹ್ನ ಓಡಾಡಿಕೊಂಡಿದ್ದ ಇಲಿ ರಾತ್ರಿ ಹೊತ್ತಿಗೆ ಕಾಲು ಎಳೆಯುವುದನ್ನು ನೋಡಿದ್ದೇನೆ. ಆ ದಿನ 24 ಗಂಟೆಯೂ ಬೇಕು. ಹಾಗಾಗಿ ಲ್ಯಾಬ್‌ನಲ್ಲೇ ಚಾಪೆ ಹಾಸುತ್ತೇನೆ, ಗಂಟೆಗೊಂದು ಅಲಾರಂ ಇಟ್ಟುಕೊಂಡು.