ಎರಡು ಬಗೆಯ ಹಳಿ ಕೂಡುವಲ್ಲಿ ಉಗುರನ್ನು ನಂಬಿ

ಆಟದ ಪುಟ್ಟ ರೈಲು ಹಳಿ ತಪ್ಪಿದೊಡನೆ ಬೋಗಿಯನ್ನು ಮಗುಚಿ ಹಾಕಿ ಚಕ್ರವನ್ನು ಶಪಿಸುವ ಮೊಮ್ಮಕ್ಕಳನ್ನು ನೋಡಿ ನನಗೆ ಸಾಕಾಗಿದೆ. ತಪ್ಪು ಚಕ್ರದ್ದಲ್ಲ, ಕೈಗೆ ಸಿಕ್ಕ ಹಳಿಗಳನ್ನೆಲ್ಲ ಒಂದಕ್ಕೊಂದು ತುರುಕಿದವರದ್ದು.

ಎಚ್‌ಒ ಎಂಬ ಮಾದರಿ ರೈಲಿನ ಅಳತೆಯಲ್ಲಿ ಕಂಬಿಗಳ ನಡುವಿನ ಅಂತರ 16.5 ಮಿಲಿಮೀಟರ್ ಎಂದ ಮಾತ್ರಕ್ಕೆ ಹಳಿಗಳೆಲ್ಲ ಒಂದೇ ಆಗುವುದಿಲ್ಲ. ಜರ್ಮನಿಯ ಆಟದ ರೈಲು ಕಂಪನಿ ಮಾರ್ಕ್ಲಿನ್‌ನ ಮೂರು ಕಂಬಿ ಪದ್ಧತಿಯ ಗಾಡಿಯನ್ನು ಎರಡು ಕಂಬಿಯ ಹಳಿಯ ಮೇಲಿಟ್ಟರೆ, ಅದರ ಎಡಬಲ ಚಕ್ರಗಳ ನಡುವೆ ವಿದ್ಯುತ್ ತಡೆ ಇಲ್ಲದ್ದರಿಂದ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹಿತ್ತಾಳೆಯ ಕಂಬಿ ಬೇಗ ಮಂಕಾಗಿ ವಿದ್ಯುತ್ತಿಗೆ ಅಡ್ಡಬರುತ್ತದೆ. ನಿಕಲ್ ಸಿಲ್ವರ್‌ಗೆ ಆ ಕಾಟ ಕಡಿಮೆ. ಹೆಸರಲ್ಲಿ ಬೆಳ್ಳಿ ಇದ್ದರೂ ಒಳಗಿರುವುದು ತಾಮ್ರ, ನಿಕಲ್, ಸತು. ಯಾವುದಕ್ಕೂ ಉಪ್ಪುಕಾಗದ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಕೂರುತ್ತದೆ. ಬಟ್ಟೆಗೆ ಒಂದಿಷ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿ ಒರೆಸಿದರೆ ಸಾಕು.

ಈಗ ನಾನು ಆಣೆಯಿಟ್ಟು ಹೇಳುವ ಕೆಲಸಕ್ಕೆ ಬರುತ್ತೇನೆ. ಕಂಬಿಯ ಎತ್ತರವನ್ನು ‘ಕೋಡ್’ ಸಂಖ್ಯೆಯಿಂದ ಹೇಳುತ್ತಾರೆ: ಕೋಡ್ 100 ಕಂಬಿಯ ಎತ್ತರ 2.54 ಮಿಲಿಮೀಟರ್, ಕೋಡ್ 83 ಕಂಬಿಯದು ಸುಮಾರು 2.1. ಅರ್ಧ ಮಿಲಿಮೀಟರೂ ಇಲ್ಲದ ಆ ಮೆಟ್ಟಿಲೇ ರೈಲನ್ನು ಕೆಡವುತ್ತದೆ. ಕಂಬಿಗಳ ತುದಿ ಕೂಡಿಸುವ ಲೋಹದ ಜಾಯಿನರ್‌ನ ಅರ್ಧವನ್ನು ಎತ್ತರದ ಕಂಬಿಗೆ ತೊಡಿಸಿ, ಹೊರಗುಳಿದ ಅರ್ಧವನ್ನು ಇಕ್ಕಳದಿಂದ ಚಪ್ಪಟೆಯಾಗುವವರೆಗೆ ಅದುಮಿ, ಅದರ ಮೇಲೆ ಗಿಡ್ಡ ಕಂಬಿಯನ್ನು ಕೂರಿಸಿ. ಗಿಡ್ಡ ಹಳಿಯ ಸ್ಲೀಪರ್‌ಗಳ, ಅಂದರೆ ಪ್ಲಾಸ್ಟಿಕ್ ಅಡ್ಡಪಟ್ಟಿಗಳ, ಕೆಳಗೆ ರಟ್ಟಿನ ಚೂರು ಕೊಟ್ಟು ಎರಡೂ ಕಂಬಿಗಳ ತಲೆಗಳನ್ನು ಸಮ ಮಾಡಿ; ಅದಕ್ಕಿಂತ ಮುಖ್ಯವಾಗಿ, ಚಕ್ರದ ಅಂಚು ಉಜ್ಜಿಕೊಂಡು ಹೋಗುವ ಒಳಬದಿಯನ್ನು ಸಮ ಮಾಡಿ. ಪ್ಲಾಸ್ಟಿಕ್ ಕರಗದಂತೆ ಸಂದಿನ ಎರಡೂ ಕಡೆ ಕಂಬಿಯ ಮೇಲೆ ಒದ್ದೆ ಹತ್ತಿಯಿಟ್ಟು, ಹೊರಬದಿಯಿಂದಲೇ ಬೆಸೆಯಿರಿ.

ಬೆಸುಗೆ ಆರಿದ ಮೇಲೆ ಹೆಬ್ಬೆರಳಿನ ಉಗುರನ್ನು ಮೊದಲು ಕಂಬಿಯ ತಲೆಯ ಮೇಲೆ, ಆಮೇಲೆ ಒಳ ಅಂಚಿನ ಗುಂಟ, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಎಳೆಯಿರಿ. ಹೋಗುವಾಗ ಜಾರಿದ್ದು ಬರುವಾಗ ತಡೆದೀತು. ತಡೆದರೆ ನಯವಾದ ಅರದಿಂದ ಎರಡೇ ಎಳೆತ, ಮತ್ತೆ ಉಗುರು. ನನ್ನ ಚಿಕ್ಕ ವಯಸ್ಸಿನಲ್ಲಿ ಒಂದು ಸಂಜೆಯಿಡೀ ಕೊನೆಯ ಬೋಗಿ ಒಂದೇ ಜಾಗದಲ್ಲಿ ನೆಗೆಯುತ್ತಿತ್ತು. ಭಾರದ ಎಂಜಿನ್ ಸಲೀಸಾಗಿ ದಾಟಿದ್ದರಿಂದ ಹಳಿ ಸರಿಯಿದೆ ಎಂದು ನಂಬಿ, ಮೂರು ಬೋಗಿಗಳ ಚಕ್ರ ಬದಲಾಯಿಸಿದೆ. ಕಡೆಗೆ ಉಗುರಿಟ್ಟಾಗ ಕೂದಲೆಳೆಯಷ್ಟು ಅಂಚು ಸಿಕ್ಕಿತು. ಆದ್ದರಿಂದ ಮೊದಲು ಖಾಲಿ ಬೋಗಿಯೊಂದನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ, ಎಂಜಿನ್ ಆಮೇಲೆ ಬರಲಿ.