ತೀವ್ರ ಅಪಾಯದಲ್ಲಿರುವ ಒಂದು ಪ್ರಾಣಿಯ ಕಥೆಯನ್ನು ಸರಿಯಾಗಿ ತಿಳಿದುಕೊಳ್ಳುವುದು ಹೇಗೆ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಪ್ರತಿ ವರ್ಷ ಮಕ್ಕಳಿಂದ ಅಳಿವಿನಂಚಿನ ಪ್ರಾಣಿಗಳ ಪ್ರಾಜೆಕ್ಟ್ ಮಾಡಿಸುತ್ತೇನೆ. ಪ್ರಾಣಿ ಯಾವುದೇ ಇರಲಿ, ಕಾರಣದ ಜಾಗದಲ್ಲಿ ಎಲ್ಲರೂ ಬರೆಯುವುದು ಒಂದೇ ಸಾಲು: ‘ಕಾಡು ನಾಶ, ಬೇಟೆ, ಮಾಲಿನ್ಯ.’ ಆ ಸಾಲನ್ನು ನಾನು ಒಪ್ಪುವುದಿಲ್ಲ, ವಾಪಸ್ ಕೊಡುತ್ತೇನೆ. ಅದನ್ನು ಓದಿದವರಿಗೆ ಆ ಪ್ರಾಣಿ ಹೇಗೆ ಸಾಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ಉಳಿಸುವುದು ಹೇಗೆ? ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಒಂದೇ ಪ್ರಾಣಿ ಆರಿಸಿಕೊಳ್ಳಿ. ಅದರ ಪೂರ್ತಿ ಹೆಸರು ಹಿಡಿಯಿರಿ. ‘ಘೇಂಡಾಮೃಗ’ ಅಂದರೆ ಸಾಲದು. ಅದರಲ್ಲಿ ಐದು ಜಾತಿಗಳಿವೆ. ಜಾವಾ, ಸುಮಾತ್ರಾ ಮತ್ತು ಆಫ್ರಿಕಾದ ಕಪ್ಪು ಘೇಂಡಾಮೃಗ, ಈ ಮೂರು ತೀವ್ರ ಅಪಾಯದಲ್ಲಿವೆ, ಅಂದರೆ ಕಾಡಿನಿಂದಲೇ ಅಳಿಯುವ ಮುಂಚಿನ ಕೊನೆಯ ಮೆಟ್ಟಿಲಿನಲ್ಲಿವೆ. ಭಾರತದ್ದು ಅದಕ್ಕಿಂತ ಎರಡು ಮೆಟ್ಟಿಲು ಸುರಕ್ಷಿತ ಜಾಗದಲ್ಲಿದೆ. ಹುಲಿಯೂ ಅಷ್ಟೇ, ಎಲ್ಲರೂ ಅಂದುಕೊಂಡ ಹಾಗೆ ಕೊನೆಯ ಮೆಟ್ಟಿಲಿನಲ್ಲಿಲ್ಲ, ಒಂದು ಮೆಟ್ಟಿಲು ಈಚೆಗಿದೆ.

ಈ ಮೆಟ್ಟಿಲುಗಳನ್ನು ಗುರುತಿಸುವುದು ಪ್ರಕೃತಿ ಸಂರಕ್ಷಣೆಯ ಜಾಗತಿಕ ಸಂಸ್ಥೆಯಾದ ಐಯುಸಿಎನ್. ಆಮೇಲೆ ಅದರ ಕೆಂಪು ಪಟ್ಟಿಯಲ್ಲಿ ನಿಮ್ಮ ಪ್ರಾಣಿಯ ಪುಟ ತೆರೆಯಿರಿ. 1964ರಲ್ಲಿ ಶುರುವಾದ ಪಟ್ಟಿ ಇದು. ನೋಡಲು ದುಡ್ಡು ಕೊಡಬೇಕಿಲ್ಲ. ‘ಸಿಆರ್’ ಅಂತ ಇದ್ದರೆ ತೀವ್ರ ಅಪಾಯ. ಅದರ ಜೊತೆಗೇ ಎ, ಬಿ, ಸಿ, ಡಿ, ಇ ಇವುಗಳಲ್ಲಿ ಒಂದೋ ಹೆಚ್ಚೋ ಅಕ್ಷರಗಳಿರುತ್ತವೆ, ಯಾವ ಲೆಕ್ಕದಲ್ಲಿ ಆ ಜಾಗ ಕೊಟ್ಟರು ಅಂತ ಅವು ಹೇಳುತ್ತವೆ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ. ದಯವಿಟ್ಟು ನೋಡಿ. ‘ಡಿ’ ಇದ್ದರೆ ಮರಿ ಹಾಕಬಲ್ಲ ವಯಸ್ಸಿನವು 50ಕ್ಕಿಂತ ಕಡಿಮೆ ಉಳಿದಿವೆ ಅಂತ. ‘ಎ’ ಇದ್ದರೆ ಸಂಖ್ಯೆ ಬಲು ವೇಗವಾಗಿ ಕುಸಿದಿದೆ ಅಂತ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ಕಾಲದಲ್ಲಿ ಸಾಮಾನ್ಯವಾಗಿ ಶೇ 80ರಷ್ಟಾದರೂ ಇಳಿದಿರಬೇಕು. ಯುರೋಪಿನ ಈಲ್ ಮೀನು ಇವತ್ತಿಗೂ ಲಕ್ಷಗಟ್ಟಲೆ ಇದೆ. ಆದರೂ 2008ರಿಂದ ಅದು ಸಿಆರ್. ದಡಕ್ಕೆ ಬರುವ ಅದರ ಮರಿಗಳ ಸಂಖ್ಯೆ 1980ರ ಈಚೆಗೆ ಶೇ 90ಕ್ಕಿಂತ ಜಾಸ್ತಿ ಬಿದ್ದುಹೋಗಿದೆ. ಹಾಗಾಗಿ ‘ಇನ್ನೂ ತುಂಬ ಇವೆಯಲ್ಲ’ ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಪುಟದಲ್ಲಿ ವರ್ಷವನ್ನೂ ನೋಡಿಕೊಳ್ಳಿ. ಹತ್ತು ವರ್ಷ ದಾಟಿದ ಮಾಹಿತಿ ಹಳೆಯದು.

ಈಗ ಅಪಾಯದ ಭಾಗಕ್ಕೆ ಬನ್ನಿ. ಜಾಸ್ತಿ ಸಮಯ ಇಲ್ಲಿಯೇ ಕೊಡಬೇಕು. ಕೈಯಲ್ಲಿ ಹಿಡಿದು ತೋರಿಸಬಹುದಾದ ಒಂದು ವಸ್ತು ಸಿಗುವ ತನಕ ‘ಯಾವುದರಿಂದ?’ ಅಂತ ಕೇಳುತ್ತಲೇ ಹೋಗಿ.

ರಣಹದ್ದನ್ನೇ ತೆಗೆದುಕೊಳ್ಳಿ. 1990ರ ದಶಕದಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ರಾಶಿ ರಾಶಿಯಾಗಿ ಸತ್ತವು. ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಜಾಸ್ತಿ ಹೋದವು. ಕಾಡು ಕಡಿದದ್ದು ಕಾರಣವಲ್ಲ, ಬೇಟೆಯೂ ಅಲ್ಲ. 2004ರಲ್ಲಿ ಕಾರಣ ಸಿಕ್ಕಿತು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ. ಕಾಯಿಲೆ ಬಿದ್ದ ದನಕ್ಕೆ ಅದನ್ನು ಕೊಡುತ್ತಿದ್ದರು. ದನ ಸತ್ತರೆ ರಣಹದ್ದುಗಳು ತಿನ್ನುತ್ತಿದ್ದವು. ತಿಂದ ಹಕ್ಕಿಯ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೆಡುತ್ತಿತ್ತು. ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಸೇರುತ್ತವೆ. ಹಾಗಾಗಿ ನೂರು ಹೆಣಗಳಲ್ಲಿ ಒಂದರಲ್ಲಿ ವಿಷವಿದ್ದರೂ ಇಡೀ ಸಂತತಿ ಕುಸಿಯಲು ಸಾಕಾಗಿತ್ತು. ವಸ್ತು ಗೊತ್ತಾದ ಮೇಲೆ ಪರಿಹಾರವೂ ಕಂಡಿತು. 2006ರಲ್ಲಿ ಭಾರತ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿತು. ಬದಲಿಗೆ ಮೆಲಾಕ್ಸಿಕಾಮ್ ಇತ್ತು, ಅದು ಹಕ್ಕಿಗಳಿಗೆ ಹಾನಿ ಮಾಡುವುದಿಲ್ಲ. ಮನುಷ್ಯರಿಗಾಗಿ ಮಾಡಿದ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವುಗಳನ್ನೂ ನಿಲ್ಲಿಸಿದರು. ‘ಮಾಲಿನ್ಯ’ ಅಂತ ಬರೆದು ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ?

ಕೇಳುತ್ತಾ ಹೋದರೆ ಇನ್ನೊಂದು ವಿಷಯ ಕಾಣುತ್ತದೆ. ನನ್ನನ್ನು ತುಂಬ ಕಾಡುವ ವಿಷಯ ಅದು. ಸಾಯುತ್ತಿರುವ ಎಷ್ಟೋ ಪ್ರಾಣಿಗಳನ್ನು ಹಿಡಿಯಬೇಕು ಅಂತ ಯಾರೂ ಹೊರಟಿಲ್ಲ. ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ವಕೀಟಾ ಇದೆ, ಡಾಲ್ಫಿನ್ ಹೋಲುವ, ಒಂದೂವರೆ ಮೀಟರ್ ಉದ್ದದ ಪುಟ್ಟ ಕಡಲಹಂದಿ. ಅಲ್ಲಿನ ಬಲೆಗಳನ್ನು ಹಾಕುವುದು ಟೊಟೊವಾಬಾ ಮೀನಿಗೆ, ಸಿಗಡಿಗೆ. ಟೊಟೊವಾಬಾದ ಗಾಳಿಚೀಲಕ್ಕೆ ಚೀನಾದಲ್ಲಿ ಭಾರಿ ಬೆಲೆ. ಆ ಬಲೆಗೆ ವಕೀಟಾ ಸಿಕ್ಕಿಕೊಂಡು, ಉಸಿರಾಡಲು ಮೇಲೆ ಬರಲಾಗದೆ ಸಾಯುತ್ತದೆ. 1997ರಲ್ಲಿ ಸುಮಾರು 570 ಇದ್ದವು. ಈಗ ಹತ್ತರ ಆಸುಪಾಸು. ವಿಯೆಟ್ನಾಂ, ಲಾವೋಸ್ ಕಾಡಿನ ಸಾವೊಲಾ ಅನ್ನುವ ಉದ್ದ ಕೊಂಬಿನ ಪ್ರಾಣಿ ಜಗತ್ತಿಗೆ ಪರಿಚಯವಾದದ್ದೇ 1992ರಲ್ಲಿ. ಹಂದಿ, ಜಿಂಕೆಗೆ ಇಟ್ಟ ತಂತಿಯ ಉರುಲುಗಳೇ ಅದನ್ನು ಮುಗಿಸುತ್ತಿವೆ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಈ ಪ್ರಶ್ನೆ ಇರಲೇಬೇಕು: ಬಲೆ ಯಾರಿಗೆ ಹಾಕಿದ್ದು, ಬಿದ್ದದ್ದು ಯಾರು?

ಮುಂದೆ, ನೀವು ಆರಿಸಿದ ಪ್ರಾಣಿ ಎಷ್ಟು ಬೇಗ ಮರಿ ಮಾಡುತ್ತದೆ ಅಂತ ನೋಡಿ. ಕಜಾಕಿಸ್ತಾನದ ಸೈಗಾ ಜಿಂಕೆ 2002ರಲ್ಲಿ ಸಿಆರ್ ಆಗಿತ್ತು. 2015ರಲ್ಲಿ ಒಂದು ಬ್ಯಾಕ್ಟೀರಿಯಾದಿಂದ ಕೆಲವೇ ವಾರಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಸತ್ತವು. ಅದು ಅವಳಿ ಮರಿ ಹಾಕುವ ಪ್ರಾಣಿ. ಕಳ್ಳಬೇಟೆ ತಡೆದ ಮೇಲೆ ಚೇತರಿಸಿಕೊಂಡು 2023ರಲ್ಲಿ ಸಿಆರ್ ಗುಂಪಿನಿಂದ ಹೊರಬಂತು. ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಬಯಲಿನಲ್ಲಿ ಉಳಿದಿರುವುದು 150ರ ಆಸುಪಾಸು. ಭಾರವಾದ ಹಕ್ಕಿ, ಎದುರಿನದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಒಂದು ಹಕ್ಕಿ ಹೋದರೂ ಆ ಜಾಗ ತುಂಬಲು ವರ್ಷಗಳು ಬೇಕು.

ಕೊನೆಗೆ, ನೀವು ಬರೆದದ್ದನ್ನು ಹಂಚುವಾಗ ಎಚ್ಚರವಿರಲಿ. ಜಾವಾದ ಕಾಡುಪಾಪ (ಸ್ಲೋ ಲೋರಿಸ್) ಕೈ ಎತ್ತಿ ಕಚಗುಳಿ ಇಡಿಸಿಕೊಳ್ಳುವಂಥ ವಿಡಿಯೊಗಳನ್ನು ಹಾಕಬೇಡಿ. ಅದು ಹೆದರಿದಾಗ ಕೈ ಎತ್ತುತ್ತದೆ, ವಿಷದ ಗ್ರಂಥಿ ಇರುವುದು ತೋಳಿನಲ್ಲಿ. ಜಾಗದ ಗುರುತನ್ನಂತೂ ಕೊಡಲೇಬೇಡಿ. ಇಂಡೋನೇಷ್ಯಾದ ರೋಟೆ ದ್ವೀಪದ ಹಾವುಕತ್ತಿನ ಆಮೆಯನ್ನು ವಿಜ್ಞಾನಿಗಳು ಹೊಸ ಜಾತಿ ಅಂತ ಗುರುತಿಸಿದ್ದು 1994ರಲ್ಲಿ. ಸಾಕುವವರಿಗೆ ಮಾರುವವರು ಅದರ ಬೆನ್ನು ಹತ್ತಿದರು. ಕಾಡಿನಲ್ಲಿ ಅದು ಹೆಚ್ಚುಕಡಿಮೆ ಇಲ್ಲವಾಯಿತು. ಫೋಟೊ ಹಾಕುವ ಮುಂಚೆ ಜಿಪಿಎಸ್ ಮಾಹಿತಿ ತೆಗೆಯಿರಿ. ಗೂಡು, ಮೊಟ್ಟೆ ಇರುವ ಚಿತ್ರ ಬೇಡ. ದಾಖಲೆ ಉಳಿಯಬೇಕು ಅನ್ನಿಸಿದರೆ ಜನರು ಕಂಡ ಪ್ರಾಣಿ, ಗಿಡಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿ. ಅಪಾಯದಲ್ಲಿರುವ ಜಾತಿಗಳ ನಿಖರ ಜಾಗವನ್ನು ಅದು ಜನರಿಗೆ ಕಾಣದ ಹಾಗೆ ಮಾಡುತ್ತದೆ.